ಕೊನೆಯ ಸಾಲು ಓದಿದ ಕಣ್ಣು

2022ರ ಏಪ್ರಿಲ್ ಕೊನೆಯಲ್ಲಿ ಕಲಬುರಗಿಯ ಒಂದು ಮೌಲ್ಯಮಾಪನ ಕೇಂದ್ರದಲ್ಲಿ ಹತ್ತನೆಯ ತರಗತಿಯ ಕನ್ನಡ ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಫ್ಯಾನಿನ ಗಾಳಿಗೆ ಎಡಗಣ್ಣಿನಲ್ಲಿ ಧೂಳು ಬಿತ್ತು. ಆ ಕಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು ಬಲಗಣ್ಣೊಂದರಿಂದಲೇ ಓದು ಮುಂದುವರಿಸಲು ಹೋದಾಗ, ಪುಟದ ಮೇಲೆ ಅಚ್ಚಾಗಿದ್ದ ನೇರ ಗೆರೆಗಳು ನಡುಭಾಗದಲ್ಲಿ ಬಟ್ಟೆ ಒಣಹಾಕುವ ಹಗ್ಗದಂತೆ ಕೆಳಗೆ ಜಗ್ಗಿರುವುದು ಕಂಡಿತು. ಮೊದಲು ಕಾಗದ ಸುಕ್ಕಾಗಿದೆ ಎಂದುಕೊಂಡೆ. ಇನ್ನೊಂದು ಪತ್ರಿಕೆ ತೆಗೆದು ನೋಡಿದರೆ ಅದರ ಗೆರೆಗಳೂ ಅದೇ ಜಾಗದಲ್ಲಿ ಬಾಗಿದ್ದವು. ಕೈ ಬದಲಿಸಿ ಬಲಗಣ್ಣು ಮುಚ್ಚಿದಾಗ ಗೆರೆಗಳೆಲ್ಲ ಸ್ಕೇಲಿಟ್ಟು ಎಳೆದಂತೆ ನೆಟ್ಟಗಾದವು. ಎರಡೂ ಕಣ್ಣು ತೆರೆದಾಗ ಏನೂ ಗೊತ್ತಾಗುತ್ತಿರಲಿಲ್ಲ. ಅಷ್ಟು ದಿನ ಎಡಗಣ್ಣು ಬಲಗಣ್ಣಿನ ಕೆಲಸವನ್ನೂ ತಾನೇ ಹೊತ್ತು, ನನಗೆ ಸುಳಿವು ಕೊಡದೆ ನಡೆಸಿಕೊಂಡು ಬಂದಿತ್ತು.

ನನಗೆ ಆಗ ಐವತ್ತಮೂರು ವರ್ಷ. ಶುಗರ್ ಇದೆ ಎಂದು ಗೊತ್ತಾಗಿದ್ದು 2011ರಲ್ಲಿ. ಮಾತ್ರೆ ತಪ್ಪಿಸುತ್ತಿರಲಿಲ್ಲವಾದರೂ ಅದನ್ನು ದೊಡ್ಡ ಕಾಯಿಲೆ ಎಂದು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಏನು ಮಾಡುತ್ತದೆ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲಿದೆ, ನಾನೂ ಅದನ್ನು ಅರ್ಧ ನಂಬಿದ್ದೆ. ನನ್ನನ್ನು ನೋಡುತ್ತಿದ್ದ ವೈದ್ಯರು ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬರೆದುಕೊಡುತ್ತಿದ್ದರು, ಒಮ್ಮೊಮ್ಮೆ ಪಾದ ಮುಟ್ಟಿ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಣ್ಣಿನ ಹಿಂಭಾಗದ ಪರದೆ ತೋರಿಸಿಕೊಂಡು ಬನ್ನಿ ಎಂದು ಹೇಳಲಿಲ್ಲ. ಓದುವಾಗ ಮಂಜಾದರೆ ನಾನು ಹೋಗುತ್ತಿದ್ದುದು ಕನ್ನಡಕದ ಅಂಗಡಿಗೆ. ಎರಡು ವರ್ಷದಲ್ಲಿ ಮೂರು ಜೊತೆ ಕನ್ನಡಕ ಮಾಡಿಸಿದ್ದೆ. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನೊಳಗಿನ ಮಸೂರವೂ ಉಬ್ಬಿಕೊಂಡು ನಂಬರ್ ಬದಲಾಗುತ್ತದೆ ಎನ್ನುವುದನ್ನು ಅಂಗಡಿಯವನು ಹೇಳಲಿಲ್ಲ, ಮೂರನೆಯ ಸಲ ಮಾತ್ರ ಸ್ವಲ್ಪ ರಿಯಾಯಿತಿ ಕೊಟ್ಟ.

ನನ್ನ ಅಸಡ್ಡೆಗೆ ಮನೆಯ ಹಳೆಯ ಅನುಭವವೂ ಕಾರಣವಾಗಿತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ, ಒಂದೇ ದಿನದಲ್ಲಿ ನೂರಾರು ಜನರ ಕಣ್ಣಿನ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಿ ಅಂಥದೊಂದು ಶಿಬಿರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಮೊಮ್ಮಕ್ಕಳ ಮುಖ ನೋಡಿ ಅತ್ತಿದ್ದರಂತೆ. ಆ ಕಥೆ ಕೇಳಿ ಬೆಳೆದ ಮನೆಯಲ್ಲಿ ಕಣ್ಣು ಮಂಜಾಗುವುದೆಂದರೆ ಪೊರೆ, ಪೊರೆಯೆಂದರೆ ತೆಗೆದರೆ ಹೋಗುವಂಥದ್ದು ಎಂಬುದು ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ನಮ್ಮ ತಾಯಿಗೆ ಶುಗರ್ ಇತ್ತು. ಕೊನೆಯ ವರ್ಷಗಳಲ್ಲಿ ಕಣ್ಣು ಕಾಣದಾದಾಗ ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, "ಪೊರಿ ಇನ್ನಾ ಮಾಗ್ಬೇಕು, ಮಾಗಿದ್ ಮ್ಯಾಲ ತೆಗಸೂಣು." ಮಾಗಲೆಂದು ಎರಡು ವರ್ಷ ಕಾದು ಆಸ್ಪತ್ರೆಗೆ ಕರೆದೊಯ್ದಾಗ, ಪೊರೆ ಇದ್ದುದು ನಿಜ, ಆದರೆ ಅದರ ಹಿಂದಿನ ಪರದೆಯೇ ಹಾಳಾಗಿ ಕಿತ್ತುಕೊಂಡಿತ್ತು. ಪೊರೆ ಮುಚ್ಚಿದ ನೋಟ ಮರಳುತ್ತದೆ. ಪರದೆ ಸತ್ತರೆ ಹೋದ ನೋಟ ಮರಳುವುದಿಲ್ಲ. ಈ ವ್ಯತ್ಯಾಸ ತಾಯಿಯ ಕಾಲಕ್ಕೆ ನಮಗೆ ತಿಳಿಯಲಿಲ್ಲ, ತಿಳಿದ ಮೇಲೂ ನಾನು ಅದನ್ನು ಅವರ ಕಣ್ಣಿನ ಕಥೆಯೆಂದು ಬಿಟ್ಟೆನೇ ಹೊರತು ನನ್ನ ಕಣ್ಣಿಗೆ ತಂದುಕೊಳ್ಳಲಿಲ್ಲ.

ಮೌಲ್ಯಮಾಪನ ಮುಗಿದ ಮರುದಿನವೇ ನಗರದ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ಮೊದಲು ಅಕ್ಷರದ ಪಟ್ಟಿ ಓದಿಸಿದರು. ಬಲಗಣ್ಣಿಗೆ 6/18 ಬಂತು, ಅಂದರೆ ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು 6 ಮೀಟರ್‌ಗೆ ಹತ್ತಿರ ಬಂದು ಓದಬೇಕು. ಎಡಗಣ್ಣಿನಿಂದ 6/6ರ ಸಾಲನ್ನು ತಡವರಿಸದೆ ಓದಿ, ಒಂದಾದರೂ ಸರಿ ಇದೆಯಲ್ಲ ಎಂದು ಸಮಾಧಾನಪಟ್ಟೆ. ಕಣ್ಣಿನ ಒತ್ತಡ ಅಳೆದ ಮೇಲೆ ನರ್ಸ್ ಬಂದು ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ, ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತುಕೊಳ್ಳಲು ಹೇಳಿದರು. ಹದಿನೈದು ನಿಮಿಷಕ್ಕೊಮ್ಮೆ ಮೂರು ಸಲ ಹಾಕಿದರು. ಮೂರನೆಯ ಸಲಕ್ಕೆ ಕೈಯಲ್ಲಿದ್ದ ಪೇಪರಿನ ಅಕ್ಷರಗಳು ಕರಗಿ ಬರಿಯ ಬೂದು ಪಟ್ಟೆಗಳಾದವು.

ಪಕ್ಕದಲ್ಲಿ ಜೇವರ್ಗಿ ಕಡೆಯ ಹೆಣ್ಣುಮಗಳೊಬ್ಬರು, ನನಗಿಂತ ಹದಿನೈದು ವರ್ಷವಾದರೂ ಹಿರಿಯರು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದರು. "ನಿನಗೂ ಶುಗರ್ ಅದ ಏನಪ್ಪಾ?" ಎಂದು ಕೇಳಿದರು. ಹೌದವ್ವಾ ಎಂದೆ. "ನಂದು ಒಂದು ಕಣ್ಣು ಹೋಗೇ ಹೋಗ್ಯಾದ. ಇದೊಂದರ ಉಳೀಲಿ ಅಂತ ಪ್ರತಿ ತಿಂಗಳು ಬಸ್ ಹತ್ತಿ ಬರ್ತೀನಿ" ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುವವರ ಶಿಸ್ತು ಇತ್ತು. ಆಮೇಲೆ ನನಗೆ ಬೇಕಾದದ್ದು ಅದೇ ಶಿಸ್ತು, ನಾನು ತಪ್ಪಿದ್ದೂ ಅದರಲ್ಲೇ.

ವೈದ್ಯೆ ಕತ್ತಲೆ ಕೋಣೆಯಲ್ಲಿ ನನ್ನನ್ನು ಮಲಗಿಸಿ, ತಲೆಗೆ ದೀಪವಿದ್ದ ಪಟ್ಟಿ ಕಟ್ಟಿಕೊಂಡು, ಕೈಯಲ್ಲೊಂದು ಮಸೂರ ಹಿಡಿದು, "ಮ್ಯಾಲ ನೋಡ್ರಿ, ಕೆಳಗ ನೋಡ್ರಿ, ನಿಮ್ಮ ಎಡಗಿವಿ ಕಡಿ ನೋಡ್ರಿ" ಎಂದು ಎಂಟೂ ದಿಕ್ಕಿಗೆ ಕಣ್ಣು ತಿರುಗಿಸಿ ನೋಡಿದರು. ಆ ಬೆಳಕು ಎಷ್ಟು ತೀಕ್ಷ್ಣವಾಗಿತ್ತೆಂದರೆ ಅದು ಅತ್ತಿತ್ತ ಅಲುಗಿದಾಗ ನನ್ನ ಕಣ್ಣಿನ ರಕ್ತನಾಳಗಳ ನೆರಳು ನನಗೇ ಕಂಡಿತು: ಕೆಂಪು ಬೆಳಕಿನ ಮೇಲೆ ಕಪ್ಪು ಕವಲುಗಳು, ಬೇಸಿಗೆಯಲ್ಲಿ ಬಿರುಕುಬಿಟ್ಟ ನಮ್ಮ ಎರೆ ಹೊಲದ ಹಾಗೆ. ವೈದ್ಯೆ ಎಡಗಣ್ಣಿನ ಮೇಲೆ ಹೆಚ್ಚು ಹೊತ್ತು ನಿಂತರು. ಕಣ್ಣು ತಪ್ಪಿ ನೋಡುತ್ತಿದ್ದಾರೆ, ತೊಂದರೆ ಇರುವುದು ಬಲಗಣ್ಣಿನಲ್ಲಿ ಎಂದು ಹೇಳೋಣವೆನಿಸಿ ಸುಮ್ಮನಾದೆ.

"ಶುಗರ್ ಎಷ್ಟ್ ವರ್ಷದಿಂದ ಅದ ಸರ್?" "ಹನ್ನೊಂದು ವರ್ಷ ಆತ್ರೀ ಮೇಡಂ." "ಒಮ್ಮೆನಾರ ಹಿಂಗ ಡ್ರಾಪ್ಸ್ ಹಾಕ್ಸಿ ಪರದೆ ತೋರ್ಸೀರೇನು?" ನಾನು ಇಲ್ಲವೆಂದೆ. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ಹೇಳಿದ ಮಾತು ಇದು: "ನೀವು ಛಲೋ ಅದ ಅಂತೀರಲ್ಲ, ಆ ಕಣ್ಣೇ ಹೆಚ್ಚು ಅಪಾಯದಾಗ ಅದ."

ಆ ಚಿತ್ರದಲ್ಲಿ ಅವರು ತೋರಿಸಿ ವಿವರಿಸಿದ್ದನ್ನು ಹೇಳಬೇಕು. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡ ತೆಳುವಾದ ಪರದೆಯೇ ಅಕ್ಷಿಪಟಲ, ವೈದ್ಯರು ರೆಟಿನಾ ಎನ್ನುವುದು ಅದನ್ನೇ. ಬೆಳಕು ಬಿದ್ದು ಚಿತ್ರವಾಗುವುದು ಅಲ್ಲಿ. ವರ್ಷಗಟ್ಟಲೆ ಹೆಚ್ಚಾಗಿ ಉಳಿದ ಸಕ್ಕರೆ ಅಲ್ಲಿನ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆ. ಮೊದಲು ಗೋಡೆ ಅಲ್ಲಲ್ಲಿ ಉಬ್ಬಿ ಕೆಂಪು ಚುಕ್ಕೆಗಳಾಗುತ್ತವೆ, ಬಳಿಕ ರಕ್ತದ ನೀರು ಮತ್ತು ಕೊಬ್ಬು ಸೋರುತ್ತದೆ. ಸೋರಿದ ನೀರು ನೋಟದ ನಡುಬಿಂದುವಾದ ಮ್ಯಾಕುಲಾದಲ್ಲಿ ನಿಂತರೆ ಅಲ್ಲಿ ಪರದೆ ಬಾತುಕೊಂಡು ನೇರ ಗೆರೆ ಡೊಂಕಾಗಿ ಕಾಣುತ್ತದೆ. ಬಲಗಣ್ಣಿನಲ್ಲಿ ಆಗಿದ್ದು ಇದು. ಎಡಗಣ್ಣಿನ ಮ್ಯಾಕುಲಾದಲ್ಲಿ ನೀರು ನಿಂತಿರಲಿಲ್ಲ, ಆದ್ದರಿಂದಲೇ ಕೊನೆಯ ಸಾಲು ಓದಲು ಬಂತು. ಆದರೆ ಅದರ ಸುತ್ತಲಿನ ಅಂಚಿನಲ್ಲಿ ಅನೇಕ ಸಣ್ಣ ನಾಳಗಳು ಪೂರ್ತಿ ಮುಚ್ಚಿಹೋಗಿದ್ದವು. ರಕ್ತ ಸಿಗದ ಆ ಭಾಗ ಉಸಿರಿಗೆ ಒದ್ದಾಡುತ್ತ ಹೊಸ ನಾಳ ಬೆಳೆಯಲೆಂದು ಒಂದು ರಾಸಾಯನಿಕವನ್ನು ಬಿಡುತ್ತದೆ. ಹೀಗೆ ಅಡ್ಡಾದಿಡ್ಡಿ ಬೆಳೆಯುವ ಹೊಸ ನಾಳಗಳು ಗಟ್ಟಿಯಲ್ಲ, ಮುಟ್ಟಿದರೆ ಒಡೆಯುವಂಥವು. ಒಡೆದರೆ ಕಣ್ಣಿನೊಳಗೆ ರಕ್ತ ತುಂಬುತ್ತದೆ. ನಾರುಗಟ್ಟಿ ಕುಗ್ಗಿದರೆ ಪರದೆಯನ್ನೇ ಎಳೆದು ಕೀಳುತ್ತವೆ. ನಮ್ಮ ತಾಯಿಗೆ ಆಗಿದ್ದು ಅದೇ ಇರಬೇಕೆಂದು ಆ ಕುರ್ಚಿಯಲ್ಲಿ ಕುಳಿತಿರುವಾಗ ಹೊಳೆಯಿತು.

ಅಕ್ಷರದ ಪಟ್ಟಿ ಅಳೆಯುವುದು ನಡುಬಿಂದುವನ್ನು ಮಾತ್ರ. ಅಂಚಿನಲ್ಲಿ ಬೆಂಕಿ ಬಿದ್ದರೂ ಅದು ಮೌನವಾಗಿರುತ್ತದೆ. ನೋವಿಲ್ಲ, ಕೆಂಪಿಲ್ಲ, ಕಣ್ಣೀರು ಸುರಿಯುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡುವಯಸ್ಸಿಗೆ ಬರುವ ಎರಡನೆಯ ಬಗೆಯ ಮಧುಮೇಹದಲ್ಲಿ ಕಾಯಿಲೆ ಪತ್ತೆಯಾದ ದಿನವೇ ಕಣ್ಣಿನ ಪರದೆ ನೋಡಿಸಬೇಕು, ಏಕೆಂದರೆ ಪತ್ತೆಯಾಗುವ ಹೊತ್ತಿಗೆ ಅದು ಎಷ್ಟೋ ವರ್ಷ ಒಳಗೊಳಗೇ ಇದ್ದಿರುತ್ತದೆ. ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸುತ್ತಿರಬೇಕು. ನಾನು ಹನ್ನೊಂದು ತಪಾಸಣೆ ತಪ್ಪಿಸಿದ್ದೆ.

ಅದೇ ದಿನ ಓಸಿಟಿ ಎಂಬ ಸ್ಕ್ಯಾನ್ ಆಯಿತು. ಗಲ್ಲ ಊರಿ ಹಸಿರು ಗುರುತನ್ನು ನೋಡುತ್ತ ಕುಳಿತರೆ ಸಾಕು, ಏನೂ ಮುಟ್ಟುವುದಿಲ್ಲ. ಪರದೆಯನ್ನು ಈರುಳ್ಳಿ ಕೊಯ್ದು ತೋರಿಸಿದಂತೆ ಪದರ ಪದರವಾಗಿ ತೋರಿಸುತ್ತದೆ. ನಡುಭಾಗದ ದಪ್ಪ ಸಾಮಾನ್ಯವಾಗಿ 250 ಮೈಕ್ರಾನ್ ಆಸುಪಾಸಿನಲ್ಲಿ ಇರುವುದು, ನನ್ನ ಬಲಗಣ್ಣಿನಲ್ಲಿ 436 ಇತ್ತು. ಎರಡು ದಿನ ಬಿಟ್ಟು ಆಂಜಿಯೋಗ್ರಾಂ. ತೋಳಿನ ರಕ್ತನಾಳಕ್ಕೆ ಫ್ಲೂರಸೀನ್ ಎಂಬ ಬಣ್ಣದ ಮದ್ದು ಕೊಟ್ಟು, ಅದು ಕಣ್ಣಿಗೆ ಹರಿದುಬರುವಾಗ ಸಾಲುಸಾಲಾಗಿ ಫೋಟೋ ತೆಗೆದರು. ಕ್ಷಣಕಾಲ ಹೊಟ್ಟೆ ತೊಳಸಿತು. ಚರ್ಮ ಹಳದಿಯಾಗುತ್ತದೆ, ಮೂತ್ರ ಒಂದು ದಿನ ಕಿತ್ತಳೆ ಬಣ್ಣಕ್ಕೆ ಬರುತ್ತದೆ ಎಂದು ಮೊದಲೇ ಹೇಳಿದ್ದರೂ ಮನೆಯವರಿಗೆ ಹೇಳುವುದನ್ನು ನಾನು ಮರೆತಿದ್ದೆ; ಸಂಜೆ ನನ್ನ ಮುಖ ನೋಡಿ ಕಾಮಾಲೆ ಎಂದು ಅವರು ಗಾಬರಿಬಿದ್ದರು. ಫೋಟೋದಲ್ಲಿ ಸೋರುವ ಜಾಗಗಳು ಬೆಳ್ಳಗೆ ಹರಡಿಕೊಂಡಿದ್ದವು, ರಕ್ತ ಹೋಗದ ಜಾಗಗಳು ಕಪ್ಪಗೆ ಬಂಜರಾಗಿ ಕಾಣುತ್ತಿದ್ದವು.

ಚಿಕಿತ್ಸೆ ಏನೆಂದು ನಿರ್ಧರಿಸುವ ಮೊದಲು ವೈದ್ಯೆ ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು: ಪ್ರತಿ ತಿಂಗಳು ತಪ್ಪದೆ ಬರಲು ನಿಮಗೆ ಆಗುತ್ತದೆಯೇ? ಬಲಗಣ್ಣಿನ ಊತಕ್ಕೆ ಕಣ್ಣಿನೊಳಗೆ ಚುಚ್ಚುಮದ್ದು ಕೊಡಬೇಕು, ಅದಕ್ಕೆ ಬೇರೆ ದಾರಿ ಇರಲಿಲ್ಲ. ಎಡಗಣ್ಣಿನ ಹೊಸ ನಾಳಗಳನ್ನು ಅದೇ ಚುಚ್ಚುಮದ್ದಿನಿಂದಲೂ ಕುಗ್ಗಿಸಬಹುದು, ಲೇಸರ್‌ನಿಂದಲೂ ಕುಗ್ಗಿಸಬಹುದು. ಚುಚ್ಚುಮದ್ದಿನ ಗುಣ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಅದನ್ನೇ ನೆಚ್ಚಿಕೊಂಡವರು ನಡುವೆ ಬರುವುದು ಬಿಟ್ಟರೆ ನಾಳಗಳು ಮತ್ತೆ ಮೇಲೇಳುತ್ತವೆ, ಆಗ ಕಣ್ಣು ಮೊದಲಿಗಿಂತ ಕೆಡುತ್ತದೆ. ಲೇಸರ್ ಒಮ್ಮೆ ಪೂರ್ತಿಯಾದರೆ ಅದರ ಆಸರೆ ನಿಲ್ಲುತ್ತದೆ. ಊರು, ನೌಕರಿ, ಮನೆಯ ಜವಾಬ್ದಾರಿ ಎಲ್ಲ ಕೇಳಿ ತಿಳಿದು ಅವರು ಎಡಗಣ್ಣಿಗೆ ಲೇಸರ್ ಎಂದು ಬರೆದರು. ನಾನು ಪ್ರತಿ ತಿಂಗಳು ಬರುತ್ತೇನೆಂದು ಎದೆ ತಟ್ಟಿ ಹೇಳಿದ್ದೆ; ಅವರು ನನ್ನ ಮಾತನ್ನು ಪೂರ್ತಿ ನಂಬಲಿಲ್ಲವೆಂಬುದು ಈಗ ಅರ್ಥವಾಗುತ್ತದೆ, ಅದಕ್ಕಾಗಿ ಕೃತಜ್ಞನಾಗಿದ್ದೇನೆ.

ಲೇಸರ್ ಎಂದರೆ ಕನ್ನಡಕ ತೆಗೆಸುವ ಚಿಕಿತ್ಸೆ ಎಂದೇ ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ಇದು ಬೇರೆ. ಇಲ್ಲಿ ನಡುಬಿಂದುವನ್ನು ಬಿಟ್ಟು ಅಂಚಿನ ಪರದೆಯ ಮೇಲೆ ನೂರಾರು ಸಣ್ಣ ಸುಟ್ಟ ಚುಕ್ಕೆಗಳನ್ನು ಬೇಕೆಂದೇ ಮಾಡುತ್ತಾರೆ. ಉಳಿಸಬೇಕಾದದ್ದನ್ನು ಸುಡುವುದೇಕೆಂದು ಕೇಳಿದೆ. ಅವರು ಹೇಳಿದ್ದನ್ನು ನಾನು ನನ್ನ ಭಾಷೆಗೆ ಹೀಗೆ ತಂದುಕೊಂಡೆ: ಮಳೆ ಕೈಕೊಟ್ಟ ವರ್ಷ ತೊಗರಿ ಹೊಲದಲ್ಲಿ ಒತ್ತಾಗಿ ಬೆಳೆದ ಸಸಿಗಳನ್ನು ನಮ್ಮ ಅಪ್ಪ ಕಿತ್ತು ತೆಳುವು ಮಾಡುತ್ತಿದ್ದರು, ಇದ್ದ ಹಸಿ ಉಳಿದ ಗಿಡಗಳಿಗೆ ಸಾಲಲಿ ಎಂದು. ಅಂಚಿನ ಒಂದಿಷ್ಟು ಜೀವಕೋಶಗಳು ಇಲ್ಲವಾದರೆ ಆಮ್ಲಜನಕದ ಬೇಡಿಕೆ ಇಳಿಯುತ್ತದೆ, ಹೊಸ ನಾಳ ಕೇಳುವ ಆ ರಾಸಾಯನಿಕವೂ ಇಳಿಯುತ್ತದೆ, ನಡುವಿನ ನೋಟ ಬದುಕುತ್ತದೆ. ಇದು ಊಹೆಯ ಚಿಕಿತ್ಸೆಯಲ್ಲ. ಇಂಥ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶವನ್ನು ಲೇಸರ್ ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತ್ತು.

ಈ ಉಪಾಯದ ಮೂಲ ಸೂರ್ಯಗ್ರಹಣದಲ್ಲಿದೆ ಎಂಬುದನ್ನು ಆಮೇಲೆ ಓದಿ ತಿಳಿದೆ. 1945ರ ಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲ ಸುಟ್ಟುಕೊಂಡವರ ಕಣ್ಣಿನಲ್ಲಾದ ಗಾಯವನ್ನು ಕಂಡ ಜರ್ಮನಿಯ ಗೆರ್ಡ್ ಮೇಯರ್-ಶ್ವಿಕರಾಟ್ ಎಂಬ ವೈದ್ಯರು, ಹಾಗೆ ಸುಡುವುದನ್ನೇ ಹದದಲ್ಲಿ ಹಿಡಿದರೆ ಚಿಕಿತ್ಸೆಯಾದೀತೆಂದು ಮೊದಲು ಸೂರ್ಯನ ಬೆಳಕನ್ನೇ, ಅನಂತರ ಕ್ಸೆನಾನ್ ದೀಪವನ್ನು ಕಣ್ಣಿನೊಳಗೆ ಹಾಯಿಸಿದರು. 1980ರ ಫೆಬ್ರವರಿ 16ರಂದು ರಾಯಚೂರು ಭಾಗದಲ್ಲಿ ಪೂರ್ಣ ಸೂರ್ಯಗ್ರಹಣವಾದಾಗ ನಮ್ಮನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿ, ಕಿಟಕಿಗೆ ಕಂಬಳಿ ಹೊದಿಸಿದ್ದರು. ಹನ್ನೊಂದು ವರ್ಷದ ನಾನು ಹೊರಗೆ ಬಿಡಲಿಲ್ಲವೆಂದು ಅತ್ತಿದ್ದೆ.

ಲೇಸರ್ ಮಾಡಿಸಿಕೊಳ್ಳುವುದು ಕುಳಿತಲ್ಲೇ. ಕಣ್ಣು ಮರಗಟ್ಟುವ ಹನಿ ಹಾಕಿ, ಅಂಟಾದ ದ್ರವ ಹಚ್ಚಿದ ಮಸೂರವೊಂದನ್ನು ಕಣ್ಣಿಗೆ ಒತ್ತಿ ಹಿಡಿದು, ಹಸಿರು ಮಿಂಚುಗಳನ್ನು ಒಂದೇ ಸಮ ಬಿಡುತ್ತಾರೆ. ಮೊದಲ ನೂರು ಏನೂ ಅನಿಸಲಿಲ್ಲ. ಆಮೇಲೆ ಕೆಲವು ಮಿಂಚುಗಳು ಕಣ್ಣಿನ ಹಿಂದೆ, ತಲೆಯ ಒಳಗೆ ಎಲ್ಲೋ ಸೂಜಿ ಚುಚ್ಚಿದಂತೆ ತಾಕತೊಡಗಿದವು. ನಾನು ಕುರ್ಚಿಯ ಕೈ ಹಿಡಿದುಕೊಂಡು ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಸುಮಾರು 600 ಚುಕ್ಕೆಗಳಾದ ಮೇಲೆ ನಿಲ್ಲಿಸಿ, ಉಳಿದದ್ದನ್ನು ಇನ್ನೆರಡು ಸಲ ಮಾಡೋಣವೆಂದರು. ಒಮ್ಮೆಲೇ ಮಾಡಿದರೆ ಪರದೆ ಬಾತುಕೊಳ್ಳುವ ಸಂಭವ ಹೆಚ್ಚು. ಹೊರಗೆ ಬಂದಾಗ ಆ ಕಣ್ಣಿಗೆ ಗೋಡೆ, ಬಾಗಿಲು, ಮಗನ ಬಿಳಿ ಅಂಗಿ ಎಲ್ಲವೂ ನೇರಳೆ ಬಣ್ಣಕ್ಕಿದ್ದವು. ಮೇ ತಿಂಗಳ ಬಿಸಿಲಿನಲ್ಲಿ ಹಿಗ್ಗಿದ ಪಾಪೆ ಇಟ್ಟುಕೊಂಡು ಕಲಬುರಗಿಯ ರಸ್ತೆ ದಾಟುವುದು ಲೇಸರ್‌ಗಿಂತ ಕಷ್ಟವಾಯಿತು. ಕಪ್ಪು ಕನ್ನಡಕ ತರದೆ, ಜೊತೆಗೆ ಯಾರನ್ನೂ ಕರೆತರದೆ ಯಾರೂ ಈ ತಪಾಸಣೆಗೆ ಹೋಗಬಾರದು.

ಮರುವಾರ ಬಲಗಣ್ಣಿನ ಚುಚ್ಚುಮದ್ದು. ಕಣ್ಣಿಗೆ ಸೂಜಿ ಎಂಬ ಮಾತಿಗೇ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಟೋಪಿ, ಗೌನು ತೊಡಿಸಿ, ಯಾವ ಕಣ್ಣೆಂದು ಹಣೆಯ ಮೇಲೆ ಗುರುತು ಹಾಕಿ, ಹೆಸರನ್ನು ಎರಡು ಸಲ ಕೇಳಿದರು. ನಿಜವಾಗಿ ಉರಿದದ್ದು ಕಣ್ಣಿನೊಳಗೆ ಬಿಟ್ಟ ಅಯೋಡಿನ್ ದ್ರವ. ಸೋಂಕು ತಡೆಯಲು ಅದೇ ಮುಖ್ಯವಾದ್ದರಿಂದ ಉರಿಗೆ ಮುಖ ತಿರುಗಿಸುವಂತಿಲ್ಲ. ರೆಪ್ಪೆಗಳನ್ನು ತಂತಿಯ ಹಿಡಿಕೆಯಿಂದ ಅಗಲಿಸಿದರು. ಕಪ್ಪು ಗುಡ್ಡೆಯ ಅಂಚಿನಿಂದ 4 ಮಿಲಿಮೀಟರ್ ದೂರ ಅಳೆದು, ಬಿಳಿಭಾಗದಲ್ಲಿ, ಕೂದಲಿನಂಥ ಸೂಜಿ. "ಕೆಳಗ ನೋಡ್ರಿ ಸರ್, ಅಲುಗ್ಬ್ಯಾಡ್ರಿ" ಎಂದದ್ದು ಕೇಳಿಸಿತು, ಹೆಬ್ಬೆರಳಿನಿಂದ ಒತ್ತಿದಂತಾಯಿತು, ಕಣ್ಣಿನೊಳಗೆ ಹೊಗೆ ಸುತ್ತಿದಂತೆ ಏನೋ ತಿರುಗಿತು, ಅಷ್ಟರಲ್ಲಿ ಮುಗಿದಿತ್ತು. ಮುಖದ ಮುಂದೆ ಬೆರಳು ಹಿಡಿದು ಎಣಿಸಲು ಹೇಳಿ ಕಳಿಸಿದರು. ಮರುದಿನ ಬೆಳಿಗ್ಗೆ ನೋಟದ ಕೆಳಭಾಗದಲ್ಲಿ ಒಂದು ದುಂಡು ಕಪ್ಪು ಗೋಲಿ ಉರುಳಾಡುತ್ತಿತ್ತು. ಮದ್ದಿನ ಜೊತೆ ಹೋದ ಗಾಳಿಗುಳ್ಳೆ ಅದು. ಕಣ್ಣಿನಲ್ಲಿ ಮೇಲೆ ತೇಲಿದ್ದು ನೋಟಕ್ಕೆ ಕೆಳಗೆ ಕಾಣುತ್ತದೆ. ಎರಡು ದಿನದಲ್ಲಿ ಕರಗಿತು. ಕೈಯಲ್ಲಿಟ್ಟ ಚೀಟಿಯಲ್ಲಿ ಬರೆದದ್ದು ಒಂದೇ: ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ನೋಟ ಇಳಿದರೆ ರಾತ್ರಿಯಾದರೂ ಬರಬೇಕು, ಬೆಳಗಾಗಲೆಂದು ಕಾಯಬಾರದು. ಒಳಗೆ ಸೋಂಕಾಗುವುದು ಬಹಳ ಅಪರೂಪ, ಆದರೆ ಒಮ್ಮೆ ಆಯಿತೆಂದರೆ ಗಂಟೆಗಳಲ್ಲಿ ಕಣ್ಣು ಹೋಗಬಹುದು.

ಮದ್ದಿನ ವಿಷಯದಲ್ಲೂ ಆಯ್ಕೆ ಇತ್ತು. ಬೆವಾಸಿಜುಮ್ಯಾಬ್ ಎಂಬುದು ಕರುಳಿನ ಕ್ಯಾನ್ಸರ್‌ಗೆಂದು 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಔಷಧ. ದೊಡ್ಡ ಸೀಸೆಯಿಂದ ಸಣ್ಣ ಪಾಲು ಮಾಡಿ ಕಣ್ಣಿಗೆ ಕೊಡುತ್ತಾರೆ, ಅಗ್ಗ. ಕಣ್ಣಿಗೆಂದೇ ಬಂದ ರಾನಿಬಿಜುಮ್ಯಾಬ್ ಮತ್ತು ಅಫ್ಲಿಬರ್ಸೆಪ್ಟ್ ಬೆಲೆ ಹಲವು ಪಟ್ಟು ಹೆಚ್ಚು. ಒಂದೇ ಚುಚ್ಚುಮದ್ದಿಗೆ ದುಬಾರಿಯದನ್ನು ಕೊಟ್ಟು ಮುಂದಿನದಕ್ಕೆ ಹಣವಿಲ್ಲದೆ ನಿಲ್ಲುವುದಕ್ಕಿಂತ, ತಿಂಗಳಿಗೊಂದರಂತೆ ಬೇಕಾದ ಐದೂ ತಿಂಗಳು ಕೊಡಲಾಗುವಂಥದ್ದನ್ನು ಆರಿಸಿಕೊಳ್ಳಿ ಎಂಬ ಸಲಹೆ ನನಗೆ ಸರಿ ಕಂಡಿತು.

ಜೂನ್‌ನಲ್ಲಿ ಎರಡನೆಯ ಚುಚ್ಚುಮದ್ದಾಯಿತು. ಬಲಗಣ್ಣು 6/9ಕ್ಕೆ ಬಂತು, ಗೆರೆಗಳು ಹೆಚ್ಚುಕಡಿಮೆ ನೆಟ್ಟಗಾದವು. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ. ಶಾಲೆ ತೆರೆದಿತ್ತು, ತಮ್ಮನ ಮಗಳ ಮದುವೆಯ ಓಡಾಟ ಬಂತು, ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂಬ ನೆಪ ಸಿಕ್ಕಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಾಗ ಮುಂದಿನ ವಾರ ಬರುತ್ತೇನೆಂದೆ. ಎಡಗಣ್ಣಿನ ಲೇಸರ್ ಒಂದೇ ಸಲಕ್ಕೆ ನಿಂತಿತ್ತು. ಅದು ಮೊದಲಿಂದಲೂ ಚೆನ್ನಾಗಿ ಕಾಣುತ್ತಿದ್ದ ಕಣ್ಣಾದ್ದರಿಂದ ನೆನಪೂ ಆಗುತ್ತಿರಲಿಲ್ಲ.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಊರಿನ ಮನೆಯಲ್ಲಿ ಮುಖ ತೊಳೆಯಲು ಬಗ್ಗಿದಾಗ ಎಡಗಣ್ಣಿನ ಮುಂದೆ ಕಪ್ಪು ದಾರವೊಂದು ಇಳಿಯಿತು. ನೀರಿನ ಲೋಟಕ್ಕೆ ಒಂದು ಹನಿ ಮಸಿ ಬಿಟ್ಟರೆ ಅದು ಹೇಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದೋ ಹಾಗೆ ಬಿಚ್ಚಿಕೊಂಡು, ಚಹಾ ಕುಡಿಯುವ ಹೊತ್ತಿಗೆ ಆ ಕಣ್ಣಿನ ಮುಂದೆ ಕಂದು ತೆರೆ ಇಳಿದಿತ್ತು. ಕೈ ಆಡಿಸಿದರೆ ನೆರಳು ಮಾತ್ರ ಕಾಣುತ್ತಿತ್ತು. ನೋವು ಒಂದಿಷ್ಟೂ ಇರಲಿಲ್ಲ. ತಮ್ಮ ಗಾಡಿ ತೆಗೆದ. ಕಲಬುರಗಿ ತಲುಪುವವರೆಗೆ ನಾವಿಬ್ಬರೂ ಅವ್ವನ ಹೆಸರೆತ್ತಲಿಲ್ಲ.

ವೈದ್ಯೆ ಗದರಲಿಲ್ಲ. ರಕ್ತ ತುಂಬಿ ಒಳಗೆ ಏನೂ ಕಾಣದ ಕಾರಣ ರೆಪ್ಪೆಯ ಮೇಲಿಂದಲೇ ಅಲ್ಟ್ರಾಸೌಂಡ್ ಮಾಡಿ, ಪರದೆ ಕಿತ್ತಿಲ್ಲವೆಂದು ನೋಡಿಕೊಂಡು, "ನಿಮ್ಮ ಪುಣ್ಯ ಅದ ಸರ್" ಎಂದರು. ಎರಡು ದಿಂಬು ಏರಿಸಿ ಮಲಗಬೇಕು, ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು. ರಕ್ತ ಕೆಳಗಿಳಿದು ದಾರಿ ಬಿಟ್ಟಷ್ಟು ಬಿಟ್ಟಂತೆ ಉಳಿದ ಲೇಸರ್ ಮುಗಿಸುವುದು. ಕೆಲವು ತಿಂಗಳಲ್ಲಿ ತಿಳಿಯಾಗದಿದ್ದರೆ ಅಥವಾ ಪರದೆ ಎಳೆಯತೊಡಗಿದರೆ, ಕಣ್ಣಿನೊಳಗಿನ ರಕ್ತ ತುಂಬಿದ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಗೆ ಹೈದರಾಬಾದಿಗೆ ಕಳಿಸುವುದು. ಹೈದರಾಬಾದಿಗೆ ಹೋಗುವುದು ಬರಲಿಲ್ಲ. ಎಂಟು ವಾರಗಳಲ್ಲಿ ತೆರೆ ತೆಳುವಾಯಿತು, ಮೂರು ಸಲಕ್ಕೆ ಲೇಸರ್ ಮುಗಿದು ಒಟ್ಟು 1,800ಕ್ಕೂ ಮೇಲೆ ಚುಕ್ಕೆಗಳಾದವು, ಆ ಕಣ್ಣಿಗೂ ಒಂದು ಚುಚ್ಚುಮದ್ದು ಬಿತ್ತು. ಬಲಗಣ್ಣಿನ ಊತ ನಾನು ಬಿಟ್ಟ ತಿಂಗಳುಗಳಲ್ಲಿ ಮತ್ತೆ ಏರಿದ್ದರಿಂದ ಅದಕ್ಕೆ ಮೊದಲಿಂದ ಎಣಿಕೆ ಶುರುಮಾಡಿ ಇನ್ನೂ ಐದು ಕೊಟ್ಟರು.

ಶುಗರ್‌ನ ಲೆಕ್ಕವನ್ನೂ ಆಗಲೇ ನೆಟ್ಟಗೆ ನೋಡಿದ್ದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4 ಇತ್ತು, ರಕ್ತದೊತ್ತಡವೂ ಏರಿತ್ತು. ನಾನು ಹೆದರಿ ಒಂದೇ ಸಲ ಊಟ ಅರ್ಧಕ್ಕಿಳಿಸಿದೆ. ಹಾಗೆ ಮಾಡಬೇಡಿ, ಬಹಳ ದಿನ ಏರಿದ್ದ ಸಕ್ಕರೆ ತಟ್ಟನೆ ಕುಸಿದರೆ ಪರದೆಯ ತೊಂದರೆ ಕೆಲಕಾಲ ಹೆಚ್ಚಾಗುವುದುಂಟು ಎಂದು ಹೊಸದಾಗಿ ತೋರಿಸಿಕೊಂಡ ಮಧುಮೇಹದ ವೈದ್ಯರು ತಡೆದು, ನಿಧಾನವಾಗಿ ಇಳಿಸುತ್ತ ಬಂದರು. ಈಗ 7ರ ಆಸುಪಾಸಿನಲ್ಲಿದೆ. ರೊಟ್ಟಿ ಬಿಟ್ಟಿಲ್ಲ, ಎಣಿಸಿ ತಿನ್ನುತ್ತೇನೆ.

ಹೋದದ್ದೂ ಇದೆ. ಬಲಗಣ್ಣು 6/9ಕ್ಕೆ ನಿಂತಿದೆ, ನಡುವಿನ ಒಂದು ಗೆರೆ ಇಂದಿಗೂ ಸ್ವಲ್ಪ ಡೊಂಕು. ಎಡಗಣ್ಣು ಮತ್ತೆ 6/6 ಓದುತ್ತದೆ; ಆದರೆ ಲೇಸರ್ ಬಿದ್ದ ಅಂಚು ಕತ್ತಲಲ್ಲಿ ಕಾಣುವುದಿಲ್ಲ, ಪಕ್ಕದಿಂದ ಬರುವ ಎತ್ತಿನ ಗಾಡಿ ತಡವಾಗಿ ಕಣ್ಣಿಗೆ ಬೀಳುತ್ತದೆ. ಸಂಜೆಯಾದ ಮೇಲೆ ಆಳಂದ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದನ್ನು ಬಿಟ್ಟಿದ್ದೇನೆ. ಅಡುಗೆಮನೆಯ ಬಾಗಿಲಿಗೆ ಚೌಕಳಿ ಗೆರೆಗಳ ಒಂದು ಹಾಳೆ ಅಂಟಿಸಿಕೊಂಡು, ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ.

ಕಳೆದ ಯುಗಾದಿಯ ನಂತರ ನನ್ನ ತಪಾಸಣೆಯ ದಿನ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದೆ. ಅವನಿಗೆ ಶುಗರ್ ಬಂದು ನಾಲ್ಕು ವರ್ಷ. "ಅಣ್ಣಾ, ನನಗ ಎಲ್ಲಾ ಕಾಣ್ತದ, ಸುಮ್ನ ಯಾಕ ಡ್ರಾಪ್ಸ್ ಹಾಕಿಸ್ತಿ" ಎಂದು ದಾರಿಯುದ್ದಕ್ಕೂ ಗೊಣಗಿದ. ಪಟ್ಟಿಯ ಕೊನೆಯ ಸಾಲನ್ನು ಎರಡೂ ಕಣ್ಣಿನಿಂದ ಓದಿ ನನ್ನ ಕಡೆ ನೋಡಿ ನಕ್ಕ. ಡ್ರಾಪ್ಸ್ ಹಾಕಿಸಿ ಅದೇ ಬೆಂಚಿನ ಮೇಲೆ ಇಬ್ಬರೂ ಕಣ್ಣು ಮುಚ್ಚಿ ಕುಳಿತೆವು. ಅವನ ಪರದೆಯ ಮೇಲೆ ನಾಲ್ಕೈದು ಕೆಂಪು ಚುಕ್ಕೆಗಳಷ್ಟೇ ಇದ್ದವು. ಈಗ ಏನೂ ಮಾಡುವುದು ಬೇಡ, ಶುಗರ್ ಮತ್ತು ಬಿಪಿ ಹಿಡಿತದಲ್ಲಿಟ್ಟು ವರ್ಷಕ್ಕೆ ಸರಿಯಾಗಿ ಬರಲಿ ಎಂದು ವೈದ್ಯೆ ಚೀಟಿ ಬರೆದರು. ಅವನು ಅದನ್ನು ಮಡಚಿ ಜೇಬಿಗಿಡುತ್ತಿದ್ದ. ನಾನು ಕೇಳಿ ಇಸಿದುಕೊಂಡು, ಆ ತಾರೀಖನ್ನು ನನ್ನ ಡೈರಿಯಲ್ಲಿ ನನ್ನ ತಾರೀಖಿನ ಕೆಳಗೆ ಬರೆದುಕೊಂಡೆ.